ಮನೆ ಮಾರೋರು ಒಂದು ದಿನ ಬಾಗಿಲು ತೆಗೆದಿಡಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾವು ತುಮಕೂರು ಉಪ್ಪಾರಹಳ್ಳಿಲಿ ಬಾಡಿಗೆ ಮನೇಲಿ ಇದೀವಿ, ಒಂಬತ್ತು ವರ್ಷ ಆಯ್ತು. ನಾನು ಹೈಸ್ಕೂಲ್ ಟೀಚರ್, ನಮ್ಮನೆಯವರು ದಿನಾ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಬರ್ತಾರೆ. ಹೋದ ದೀಪಾವಳಿ ಆದ್ಮೇಲೆ ಸ್ವಂತ ಮನೆ ಹುಡುಕೋಕೆ ಶುರು ಮಾಡಿದ್ವಿ, ಇವತ್ತಿಗೆ 23 ಮನೆ ನೋಡಿದೀವಿ. ನಿಮ್ಮ ಪತ್ರಿಕೆಯ ಭಾನುವಾರದ ಜಾಹೀರಾತು ಪುಟಕ್ಕೆ ಪೆನ್ನಲ್ಲಿ ರೌಂಡ್ ಹಾಕೋದೇ ನಮ್ಮನೇಲಿ ಬೆಳಗಿನ ಕೆಲಸ ಆಗಿದೆ, ಅದಕ್ಕೇ ಈ ಪತ್ರ ನಿಮಗೇ ಬರೀತಿದೀನಿ.

ನೋಡಿದೀವಿ ಅಂದೆನಲ್ಲ, ಅದೇ ಸರಿಯಾದ ಮಾತಲ್ಲ. ಒಂದು ಮನೆ ನೋಡೋಕೆ ನಮಗೆ ಸಿಗೋದು ಹತ್ತು ನಿಮಿಷ. ಬ್ರೋಕರ್ ಫೋನ್ ಮಾಡಿ "ಮೇಡಮ್ ನಾಕು ಗಂಟೆಗೆ ಬಟವಾಡಿ ಹತ್ರ ಬಂದ್ಬಿಡಿ, ನಾಕೂವರೆಗೆ ರಾಹುಕಾಲ ಬಂದ್ಬಿಡುತ್ತೆ" ಅಂತಾರೆ, ನಾವು ಸ್ಕೂಟರ್ ತಗೊಂಡು ಓಡ್ತೀವಿ, ಅಲ್ಲಿ ಹೋದ್ರೆ ಇನ್ನೊಂದು ಫ್ಯಾಮಿಲಿ ಆಗಲೇ ಹಾಲಲ್ಲಿ ನಿಂತಿರುತ್ತೆ, ಒಳಗೆ ಬಾಡಿಗೆಗಿರೋ ಹುಡುಗಿ ಮಗು ಮಲಗಿಸ್ತಿರ್ತಾಳೆ, ನಾವು ರೂಮಿಗೆ ತಲೆ ಹಾಕಿ ಸಾರಿ ಸಾರಿ ಅಂತ ಆಚೆ ಬರ್ತೀವಿ. ಮನೆ ಓನರ್ ಇರಲ್ಲ. ಪೇಪರ್ ಕೇಳಿದ್ರೆ "ಎಲ್ಲಾ ಕ್ಲಿಯರ್ ಮೇಡಮ್, ಟೋಕನ್ ಕೊಡಿ, ಜೆರಾಕ್ಸ್ ವಾಟ್ಸಾಪ್ ಮಾಡ್ತೀನಿ" ಅಂತಾರೆ. ತರಕಾರಿ ತಗೊಳೋವಾಗ ಬೆಂಡೆಕಾಯಿ ತುದಿ ಮುರಿದು ನೋಡ್ತೀವಿ, ಜೀವಮಾನದ ದುಡ್ಡು ಹಾಕೋವಾಗ ಒಂದು ಬೀರು ಸರಿಸಿ ನೋಡೋಕೂ ಸಂಕೋಚ ಪಡಬೇಕು.

ಬೀರು ಅಂದಿದ್ದಕ್ಕೆ ಒಂದು ಮನೆ ವಿಷಯ ಹೇಳ್ತೀನಿ. ಮರಳೂರು ಕಡೆ 30/40 ಸೈಟಲ್ಲಿ ಎರಡು ಬೆಡ್‌ರೂಮ್ ಮನೆ, ಈಸ್ಟ್ ಫೇಸಿಂಗು, ಪೇಂಟ್ ವಾಸನೆ ಇನ್ನೂ ಹೋಗಿರಲಿಲ್ಲ. ನಮಗಿಬ್ಬರಿಗೂ ಇಷ್ಟ ಆಗಿತ್ತು. ಹಿಂದಿನ ರೂಮಲ್ಲಿ ಒಂದು ದೇವರ ಕ್ಯಾಲೆಂಡರು, ಗೋಡೆಗೆ ತೀರಾ ಕೆಳಗೆ, ನನ್ನ ಸೊಂಟದ ಮಟ್ಟಕ್ಕೆ ನೇತಾಕಿದ್ರು. ಅಷ್ಟು ಕೆಳಗೆ ಯಾರು ಕ್ಯಾಲೆಂಡರ್ ಹಾಕ್ತಾರೆ ಅಂತ ಮೆಲ್ಲಗೆ ಎತ್ತಿದೆ, ಹಿಂದೆ ಗಾರೆ ಉಬ್ಬಿ ಬಿಳೀ ಉಪ್ಪು ಬಂದಿತ್ತು, ಬೆರಳಲ್ಲಿ ಮುಟ್ಟಿದ್ರೆ ಪುಡಿ ಪುಡಿ ಉದುರ್ತು. ಗೋಡೆ ಆಚೆಗೆ ಬಾತ್‌ರೂಮು. ಬ್ರೋಕರ್ ಮುಖ ತಿರುಗಿಸಿಕೊಂಡು ಫೋನ್ ನೋಡ್ತಾ ನಿಂತರು. ಅವತ್ತಿಂದ ನಾನು ಎಲ್ಲಿ ಹೋದರೂ ಗೋಡೆಗೆ ಕೈ ಇಟ್ಟು ನೋಡ್ತೀನಿ, ಯಾರು ಏನಂದ್ಕೊಂಡ್ರೂ ಪರವಾಗಿಲ್ಲ.

ನೀರಂತೂ ಇನ್ನೊಂದು ಕಥೆ. ನಮ್ಮೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಮನೆ ಮನೆಗೆ ಬರಬೇಕು, ಯಾವ ಏರಿಯಾಗೆ ಯಾವಾಗ ಬಿಡ್ತಾರೆ ಅನ್ನೋದು ಆ ಬೀದಿಯವರಿಗೆ ಮಾತ್ರ ಗೊತ್ತು. ಮನೆ ತೋರಿಸೋರು ನಲ್ಲಿ ತಿರುಗಿಸಿ ನೋಡಿ ಎಷ್ಟು ಫೋರ್ಸು ಅಂತಾರೆ, ಅದು ಓವರ್‌ಹೆಡ್ ಟ್ಯಾಂಕಿನ ಫೋರ್ಸು. ಒಂದು ಕಡೆ ಸಾಯಂಕಾಲ ನೋಡಿ ಖುಷಿಯಾಗಿ ಬಂದಿದ್ದೆ, ಮಾರನೇ ದಿನ ಬೆಳಗ್ಗೆ ಆರೂವರೆಗೆ ಸುಮ್ನೆ ಆ ಬೀದಿಲಿ ಒಂದು ರೌಂಡ್ ಹೋದೆ. ಬೋರ್‌ವೆಲ್ ಮುಂದೆ ಪ್ಲಾಸ್ಟಿಕ್ ಕೊಡಗಳ ಸಾಲು. ಅಲ್ಲಿದ್ದ ಅಜ್ಜಿ ನನ್ನ ನೋಡಿ "ಮನೆ ತಗಂಬಕೆ ಬಂದಿದೀಯೇನವ್ವ, ತಗಳವ್ವ ಒಳ್ಳೇ ಬೀದಿ, ನೀರಿಗೆ ಮಾತ್ರ ಟ್ಯಾಂಕರ್ ಹೇಳ್ಕಬೇಕು ಕಣವ್ವ" ಅಂದ್ರು. ಎಂಟು ತಿಂಗಳಲ್ಲಿ ನಮಗೆ ಅಷ್ಟು ನೆಟ್ಟಗೆ ಮಾತಾಡಿದವರು ಅವರೊಬ್ಬರೇ.

ನನ್ನ ತಂಗಿ ಮಗಳು ಅಮೆರಿಕದ ಡಲ್ಲಾಸ್‌ನಲ್ಲಿ ಇದಾಳೆ, ಅವಳೂ ಮನೆ ಹುಡುಕ್ತಿದ್ಲು, ಇಬ್ಬರೂ ಫೋನಲ್ಲಿ ಅದೇ ಮಾತು. ಅಲ್ಲಿ ಓಪನ್ ಹೌಸ್ ಅಂತ ಮಾಡ್ತಾರಂತೆ. ಶನಿವಾರ ಭಾನುವಾರ ಇಷ್ಟರಿಂದ ಇಷ್ಟು ಗಂಟೆ ಅಂತ ಟೈಮ್ ಹಾಕಿ ಮನೆ ಮುಂದೆ ಬೋರ್ಡ್ ನಿಲ್ಲಿಸ್ತಾರೆ, ಜಿಲ್ಲೋ ಥರದ ಆಪ್‌ನಲ್ಲಿ ಈ ವಾರ ಎಲ್ಲೆಲ್ಲಿ ಓಪನ್ ಹೌಸ್ ಇದೆ ಅಂತ ಬೇರೇನೇ ಹುಡುಕಬಹುದು, ಬೆಲೆ ಮೊದಲೇ ಬರೆದಿರುತ್ತೆ, ಯಾರು ಬೇಕಾದರೂ ಒಳಗೆ ಹೋಗಿ ಬೀರು ಬಾಗಿಲು ತೆಗೆದು ನೋಡಿ ಬರಬಹುದು. 2024 ಆಗಸ್ಟಿಂದ ಅಲ್ಲಿ ಏಜೆಂಟ್ ಜೊತೆ ಮನೆ ನೋಡೋಕೆ ಹೋಗ್ಬೇಕಂದ್ರೆ ಮೊದಲೇ ಒಂದು ಅಗ್ರಿಮೆಂಟಿಗೆ ಸೈನ್ ಹಾಕ್ಬೇಕಂತೆ, ಆದ್ರೆ ಓಪನ್ ಹೌಸಿಗೆ ನಾವೇ ಹೋದ್ರೆ ಅದೂ ಬೇಡ. ಬಾಗಿಲಲ್ಲಿ ಹೆಸರು ಬರೆಸ್ಕೋತಾರೆ, ಅದು ಮಾರೋರ ಏಜೆಂಟಿಗೆ ಗಿರಾಕಿ ಹುಡುಕೋ ದಾರಿ ಕೂಡ, ಇರಲಿ. ಡಲ್ಲಾಸ್ ಇರೋ ಟೆಕ್ಸಾಸ್ ರಾಜ್ಯದಲ್ಲಿ ಮನೆ ಮಾರೋರು ತಮಗೆ ಗೊತ್ತಿರೋ ದೋಷ ಎಲ್ಲಾ, ಚಾವಣಿ, ಪಾಯ, ನೀರು ನುಗ್ಗಿದ್ದು, ಒಂದು ಫಾರಂನಲ್ಲಿ ಬರೆದು ಕೊಡಬೇಕು ಅಂತ ಕಾನೂನೇ ಇದೆ. ಅದನ್ನ ಕೇಳಿದ ರಾತ್ರಿ ನನಗೆ ಆ ಕ್ಯಾಲೆಂಡರ್ ನೆನಪಾಗಿ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಓಪನ್ ಹೌಸಿಗೆ ಹತ್ರ ಇರೋದು ಅಂದ್ರೆ ಲೇಔಟ್‌ನವರ ಸೈಟ್ ವಿಸಿಟ್ಟು. ವ್ಯಾನ್ ಕಳಿಸ್ತಾರೆ, ಶಾಮಿಯಾನ, ಊಟ, ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾ ಪಕ್ಕದಲ್ಲೇ, ಗುಬ್ಬಿ ಹತ್ರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಬಂದಿದೆ, ಮಾದಾವರಕ್ಕೆ ಬಂದಿರೋ ಮೆಟ್ರೋ ನಾಳೆ ಇಲ್ಲಿಗೂ ಬರುತ್ತೆ ಅಂತ ಮೈಕಲ್ಲಿ ಹೇಳ್ತಾರೆ. ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್. ಅವರ ಊಟ ಮಾಡಿದ್ಮೇಲೆ ಇಲ್ಲ ಅನ್ನೋಕೆ ನಮ್ಮ ಜನಕ್ಕೆ ಬಾಯಿ ಬರಲ್ಲ, ಅದು ಅವರಿಗೂ ಗೊತ್ತು. ಅಂಥಾ ಕಡೆ ಹೋಗೋರು ದಯವಿಟ್ಟು ಮನೆಲೇ ಕೂತು ಕರ್ನಾಟಕ ರೇರಾ, ಅಂದ್ರೆ ಮನೆ ಸೈಟ್ ಪ್ರಾಜೆಕ್ಟ್‌ಗಳ ಮೇಲೆ ಕಣ್ಣಿಡೋ ಸರ್ಕಾರಿ ಪ್ರಾಧಿಕಾರದ ವೆಬ್‌ಸೈಟಲ್ಲಿ ಆ ಪ್ರಾಜೆಕ್ಟ್ ನಂಬರ್ ಹಾಕಿ ನೋಡ್ಕೊಂಡು ಹೊರಡಿ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಸೈಟ್ ಮಾಡಿ ಮಾರೋರು 2016ರ ಆಕ್ಟ್ ಪ್ರಕಾರ ರಿಜಿಸ್ಟರ್ ಮಾಡಿಸಿರಲೇಬೇಕು, ಜಾಹೀರಾತಲ್ಲಿ ಆ ನಂಬರ್ ಇರಲೇಬೇಕು, ಅಗ್ರಿಮೆಂಟ್ ರಿಜಿಸ್ಟರ್ ಆಗೋ ಮುಂಚೆ 10 ಪರ್ಸೆಂಟಿಗಿಂತ ಜಾಸ್ತಿ ದುಡ್ಡು ಇಸ್ಕೊಳೋ ಹಾಗಿಲ್ಲ.

ಇದನ್ನೆಲ್ಲ ನಾನು ಕಲಿತಿದ್ದು ದುಡ್ಡು ಕಳ್ಕೊಂಡು. ಊರಾಚೆ ಪಂಚಾಯ್ತಿ ಲಿಮಿಟ್‌ನಲ್ಲಿ ಒಂದು ಮನೆಗೆ 50 ಸಾವಿರ ಟೋಕನ್ ಕೊಟ್ವಿ, ಬೇರೆಯವರು ಸಂಜೆ ಬರ್ತಿದಾರೆ ಅಂತ ಹೆದರಿಸಿದ್ರು. ಇ-ಖಾತಾ ಇದೆ ಅಂದಿದ್ದೂ ಸುಳ್ಳಲ್ಲ, ಆದ್ರೆ ಅದು 11ಬಿ, ಅಂದ್ರೆ ಅಪ್ರೂವಲ್ ಇಲ್ಲದ ಆಸ್ತಿಗೆ ಪಂಚಾಯ್ತಿಯವರು ಕೊಡೋ ಖಾತಾ. ಹೊಲದ ಜಮೀನನ್ನ ಮನೆ ಕಟ್ಟೋಕೆ ಬದಲಾಯಿಸಿಕೊಳ್ಳೋ ಕನ್ವರ್ಷನ್ನು, ಲೇಔಟ್ ಅಪ್ರೂವಲ್ಲು ಎರಡೂ ಇಲ್ಲದ ರೆವಿನ್ಯೂ ಸೈಟು. ಬ್ಯಾಂಕಲ್ಲಿ ಪೇಪರ್ ನೋಡಿದ ತಕ್ಷಣ ಲೋನ್ ಆಗಲ್ಲ ಅಂದ್ಬಿಟ್ರು. ನಾಕು ತಿಂಗಳು ಅಲೆದ್ಮೇಲೆ ಅರ್ಧ ವಾಪಸ್ ಬಂತು, ಇನ್ನರ್ಧ ಇಲ್ಲ. ಆ ಖಾತಾ ಕಾಪಿ ಮನೆ ನೋಡೋಕೆ ಹೋದ ದಿನ ಮೇಜಿನ ಮೇಲೆ ಇದ್ದಿದ್ರೆ ಇಷ್ಟೊಂದು ಆಗ್ತಿರಲಿಲ್ಲ. ಅದರ ಮೇಲೆ 2025 ಆಗಸ್ಟ್ 31ರಿಂದ ರಿಜಿಸ್ಟ್ರೇಶನ್ ಫೀಸು 1 ಪರ್ಸೆಂಟಿಂದ 2 ಪರ್ಸೆಂಟ್ ಆಗಿದೆ, 50 ಲಕ್ಷದ ಮನೆಗೆ ಅದೇ ಇನ್ನೊಂದು 50 ಸಾವಿರ ಜಾಸ್ತಿ, ನಮ್ಮಂಥವರಿಗೆ ಟೋಕನ್ ಕಳ್ಕೊಳೋ ಶಕ್ತಿ ಎಲ್ಲಿದೆ.

ಆಗಲ್ಲ ಅಂತ ಯಾರೂ ಹೇಳ್ಬೇಡಿ, ನಮ್ಮೂರಲ್ಲೇ ಒಬ್ಬರು ಮಾಡಿದ್ದನ್ನ ಕಣ್ಣಾರೆ ನೋಡಿದೀನಿ. ಸಪ್ತಗಿರಿ ಬಡಾವಣೆಲಿ ರಿಟೈರ್ಡ್ ಮೇಷ್ಟ್ರು, ಗೇಟಿಗೆ ರಟ್ಟು ಕಟ್ಟಿದ್ರು, ಭಾನುವಾರ 9ರಿಂದ 12 ಮನೆ ನೋಡಬಹುದು, ಬೆಲೆ ಇಷ್ಟು ಅಂತ. ಊಟದ ಟೇಬಲ್ ಮೇಲೆ ಖಾತಾ, ಕಂದಾಯದ ರಸೀದಿ, ಆಸ್ತಿ ಮೇಲೆ ಸಾಲ ಋಣ ಇದೆಯಾ ಅಂತ ತೋರಿಸೋ ಇಸಿ, ಮದರ್ ಡೀಡು ಅಂದ್ರೆ ಆಸ್ತಿಯ ಮೂಲ ಪತ್ರ, ಪ್ಲಾನು, ಎಲ್ಲಾ ಜೆರಾಕ್ಸ್ ಜೋಡಿಸಿ ಮೇಲೆ ಒಂದು ಸ್ಟೀಲ್ ಲೋಟ ಇಟ್ಟಿದ್ರು, ಫ್ಯಾನ್ ಗಾಳಿಗೆ ಹಾರಬಾರದು ಅಂತ. "ನೀವು ನೋಡ್ತಿರಿ ತಾಯಿ, ಮಹಡಿ ಮೆಟ್ಟಿಲ ಹತ್ರ ಮಳೆಗಾಲದಲ್ಲಿ ಸ್ವಲ್ಪ ಸೋರುತ್ತೆ, ಅದನ್ನೂ ನೋಡ್ಕೊಳಿ" ಅಂತ ಹೇಳಿ ಆಚೆ ಕಟ್ಟೆ ಮೇಲೆ ಹೋಗಿ ಕೂತರು. ಮುಕ್ಕಾಲು ಗಂಟೆ ನೋಡಿದ್ವಿ. ನಮ್ಮ ಬಜೆಟ್ಟಿಗೆ ಆ ಮನೆ ಸಿಗಲಿಲ್ಲ, ಎರಡೇ ಭಾನುವಾರಕ್ಕೆ ಬೇರೆಯವರಿಗೆ ಹೋಯ್ತು, ಮೇಷ್ಟ್ರು ಹೇಳಿದ ಬೆಲೆಗೇ.

ಹಂಗಾಗಿ ಸಂಪಾದಕರೇ, ನನ್ನ ಕೋರಿಕೆ ನಿಮ್ಮ ಕ್ಲಾಸಿಫೈಡ್ ಪುಟದ ಬಗ್ಗೆ. "ಮನೆ ಮಾರಾಟಕ್ಕಿದೆ, ಉತ್ತಮ ಗಾಳಿ ಬೆಳಕು, ಸಂಪರ್ಕಿಸಿ" ಅಂತ ಒಂದು ಫೋನ್ ನಂಬರ್ ಇದ್ರೆ ನಮಗೆ ಏನೂ ಗೊತ್ತಾಗಲ್ಲ. ಜಾಹೀರಾತು ತಗೊಳೋವಾಗಲೇ ಬೆಲೆ ಎಷ್ಟು, ಖಾತಾ ಯಾವುದು, ಕೊಡ್ತಿರೋದು ಓನರ್ರೋ ಬ್ರೋಕರ್ರೋ, ಯಾವ ದಿನ ಎಷ್ಟು ಗಂಟೆಗೆ ಮನೆ ತೆಗೆದಿರುತ್ತೆ ಅಂತ ಕೇಳಿ ಹಾಕಿ, ಲೇಔಟ್ ಆದ್ರೆ ರೇರಾ ನಂಬರ್ ಇಲ್ದೆ ತಗೋಬೇಡಿ. ಬಾಡಿಗೆಗಿರೋರಿಗೂ ಯಾವಾಗಂದ್ರೆ ಆವಾಗ ಬಾಗಿಲು ಬಡಿಯೋ ಕಾಟ ತಪ್ಪುತ್ತೆ. ಪತ್ರ ಉದ್ದ ಆಯ್ತು, ಜಾಗ ಸಾಲದಿದ್ರೆ ಮೇಲಿಂದೆಲ್ಲ ಕತ್ತರಿಸಿ, ಈ ಕೊನೆ ಪ್ಯಾರಾ ಒಂದನ್ನ ದಯವಿಟ್ಟು ಉಳಿಸಿ.

ಇಂತಿ,
ಮನೆ ಹುಡುಕ್ತಿರೋ ಒಬ್ಬ ಟೀಚರ್,
ಉಪ್ಪಾರಹಳ್ಳಿ, ತುಮಕೂರು