ಈ ಬೇಸಿಗೆಗೆ ಬಂಗಲೆ ಇಲ್ಲ, ದೀಪಾವಳಿಗೆ ಬನ್ನಿ

ಪ್ರೀತಿಯ ಅತಿಥಿಗಳಿಗೆ,

ನಮಸ್ಕಾರ. ಮೊದಲು ವಿಷಯ ಹೇಳಿಬಿಡುತ್ತೇವೆ. ಜೋಯಿಡಾ ಕಾಡಿನ ಹಳೇ ಬಂಗಲೆಯನ್ನು ಮಾರ್ಚ್ 1ರಿಂದ ದೀಪಾವಳಿವರೆಗೆ ಮುಚ್ಚುತ್ತಿದ್ದೇವೆ. ಏಪ್ರಿಲ್, ಮೇ ರಜೆಗೆ ಬುಕ್ ಮಾಡಿದವರಿಗೆ ಹಣ ಪೂರ್ತಿ ವಾಪಸ್ ಬರುತ್ತದೆ. ಈ ವಾರದೊಳಗೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇವೆ. ಮಕ್ಕಳಿಗೆ ಆಗಲೇ ಮಾತು ಕೊಟ್ಟಿದ್ದೀರಿ, ಇದು ಬೇಜಾರಿನ ಸುದ್ದಿ ಅಂತ ಗೊತ್ತು. ದಯವಿಟ್ಟು ಕ್ಷಮಿಸಿ.

ಕಾರಣ ಗೋಡೆ. ಜನವರಿ ಕೊನೆಯಲ್ಲಿ ಪಶ್ಚಿಮದ ಕೋಣೆಯ ಗೋಡೆಯಲ್ಲಿ ಸಿಮೆಂಟ್ ಉಬ್ಬಿಕೊಂಡಿತ್ತು. ಬಂಗಲೆ ಕಾಯುವ ನಮ್ಮ ಮೇಟಿ ಉಳಿ ಹಿಡಿದು ಮೆಲ್ಲಗೆ ತಟ್ಟಿದರು. ಊಟದ ತಟ್ಟೆಯಷ್ಟು ಅಗಲದ ಚಕ್ಕೆ ಕಳಚಿ ಬಿತ್ತು. ಹಿಂದಿನ ಚಿರೆಕಲ್ಲನ್ನು ಒತ್ತಿ ನೋಡಿದರೆ ಬೆರಳು ಒಳಗೇ ಹೋಯಿತು, ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ. ಮಳೆ ನಿಂತು ಮೂರು ತಿಂಗಳಾಗಿತ್ತು. ಕಲ್ಲು ಇನ್ನೂ ಒದ್ದೆ.

ತಪ್ಪು ನಮ್ಮದೇ. ಬಂಗಲೆ ಅರಣ್ಯ ಇಲಾಖೆಯದು, ನೋಡಿಕೊಳ್ಳುವುದು ನಮ್ಮ ಗ್ರಾಮ ಅರಣ್ಯ ಸಮಿತಿ. ಆರು ವರ್ಷದ ಹಿಂದೆ ಈ ಜವಾಬ್ದಾರಿ ಬಂದ ಹೊಸತರಲ್ಲಿ, ಉದುರುತ್ತಿದ್ದ ಸುಣ್ಣದ ಗಾರೆ ಕೆತ್ತಿಸಿ ಸಿಮೆಂಟ್ ಬಳಿಸಿದೆವು. ಗಟ್ಟಿಯಾಗಿರುತ್ತದೆ ಅಂದುಕೊಂಡಿದ್ದೆವು. ಚಿರೆಕಲ್ಲು ತೂತು ತೂತಿನ ಕಲ್ಲು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಸುಣ್ಣದ ಗಾರೆಯ ಮೂಲಕ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನೇ ಮುಚ್ಚಿತು. ಅದರ ಜೊತೆಗೆ ನಿಮಗೆ ಅನುಕೂಲ ಆಗಲಿ ಅಂತ ಮಲಗುವ ಕೋಣೆಗೆ ಅಂಟಿಸಿ ಬಾತ್‌ರೂಮ್ ಕಟ್ಟಿಸಿದೆವು. ಅದರ ಪೈಪು ಗೋಡೆಯೊಳಗೇ ಒಸರುತ್ತಿದೆ.

ಈ ಗೋಡೆಗಳ ಮೇಲೆ ನಮಗೆ ಎಷ್ಟು ಪ್ರೀತಿ ಅಂತ ಬಂದು ಉಳಿದವರಿಗೆ ಗೊತ್ತು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1864ರಲ್ಲಿ ಬ್ರಾಂಡಿಸ್ ದೇಶದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಆಮೇಲೆ ಕಾಳಿ ಕಣಿವೆಯ ತೇಗ, ಮತ್ತಿ ಮರಗಳ ಲೆಕ್ಕಕ್ಕೆ ಅಧಿಕಾರಿಗಳು ಕುದುರೆ ಹತ್ತಿ, ಕಾಲ್ನಡಿಗೆಯಲ್ಲಿ ಬರತೊಡಗಿದರು. ಕತ್ತಲಾದರೆ ತಂಗಲು ಕಾಡೊಳಗೆ ಇಂಥ ಬಂಗಲೆಗಳು ಎದ್ದವು. ನಮ್ಮದರ ಹಂಚಿನ ಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನ ಅಚ್ಚು ಈಗಲೂ ಓದಲು ಬರುತ್ತದೆ. ಆ ಹಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಹಂಚು ಗಾಡಿಯಲ್ಲಿ ತಂದವರು, ಕಲ್ಲು ಹೊತ್ತವರು ಈ ಸುತ್ತಿನ ಹಳ್ಳಿಯವರು. ಅವರ ಹೆಸರು ಬಂಗಲೆಯ ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವರು ಕಟ್ಟಿದ್ದನ್ನು ನಮ್ಮ ಕೈಯಲ್ಲಿ ಬೀಳಲು ಬಿಡುವುದು ನಮಗೆ ಆಗದ ಮಾತು.

ಈಗ ಸಿಮೆಂಟನ್ನೆಲ್ಲ ತೆಗೆಯುತ್ತೇವೆ. ಮೆಷಿನ್ ತರುವುದಿಲ್ಲ, ಉಳಿ ಸುತ್ತಿಗೆಯೇ. ಬಂಗಲೆ ಹಿಂದಿನ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಗೂಡು ಮಾಡಿದೆ. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡಿದೆ, ಗಂಡು ಸಣ್ಣ ಸೀಳಿನಲ್ಲಿ ಹಣ್ಣು ತಂದು ಕೊಡುತ್ತಿದೆ. ಸದ್ದಿಗೆ ಗಂಡು ಬರುವುದು ತಪ್ಪಿದರೆ ಒಳಗಿರುವ ತಾಯಿ ಮರಿ ಉಪವಾಸ.

ಕಲ್ಲು ಒಣಗಲು ಬಿಸಿಲೇ ಬೇಕು, ಅದಕ್ಕೇ ಬೇಸಿಗೆ. ಆಮೇಲೆ ಚಿಪ್ಪಿನ ಸುಣ್ಣದ ಗಾರೆ. ಸುಣ್ಣವನ್ನು ಆಗಲೇ ಅರಳಿಸಿ ಹೊಂಡದಲ್ಲಿ ನೆನೆಹಾಕಿದ್ದೇವೆ. ತೆಳ್ಳಗೆ ಒಂದು ಪದರ ಬಳಿಯಬೇಕು, ಒದ್ದೆ ಗೋಣಿತಾಟು ಇಳಿಬಿಟ್ಟು ಕಾಯಬೇಕು, ಆಮೇಲೆ ಇನ್ನೊಂದು. ಸುಣ್ಣ ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗುತ್ತದೆ, ಅವಸರ ಮಾಡಿದರೆ ಬಿರುಕು. ಹೊಸ ಗೋಡೆ ಒಂದು ಮಳೆಗಾಲ ದಾಟಿದ್ದನ್ನು ನೋಡದೆ ನಿಮ್ಮನ್ನು ಕರೆಯುವುದಿಲ್ಲ. ಹಾಗಂತ ಬೀಗ ಹಾಕಿಯೂ ಇಡುವುದಿಲ್ಲ. ಬೆಂಕಿ ಕಾಣದ ಮನೆಗೆ ಗೆದ್ದಲು, ಬೂಸ್ಟು ಬೇಗ ಬರುತ್ತದೆ. ಮಳೆಗಾಲ ಪೂರ್ತಿ ಮೇಟಿ ಅಲ್ಲೇ ಇದ್ದು ಒಲೆ ಹಚ್ಚುತ್ತಾರೆ.

ಮತ್ತೆ ತೆರೆದಾಗ ಅಟ್ಯಾಚ್ಡ್ ಬಾತ್‌ರೂಮ್ ಇರುವುದಿಲ್ಲ. ಮೊದಲಿನ ಹಾಗೆ ಹೊರಗೆ ಬಚ್ಚಲುಮನೆ, ಹಂಡೆಯಲ್ಲಿ ಬಿಸಿನೀರು. ಜಗಲಿಯಿಂದ ಇಪ್ಪತ್ತು ಹೆಜ್ಜೆ, ಮೇಲೆ ಮಾಡು, ದಾರಿಗೆ ಸೋಲಾರ್ ದೀಪ. ವಯಸ್ಸಾದವರಿಗಾಗಿ ಒಂದು ಕಮೋಡ್, ಹಿಡಿದುಕೊಳ್ಳಲು ಕಂಬಿ ಇರುತ್ತದೆ. ಇದು ಕೆಲವರಿಗೆ ಹಿಡಿಸದೇ ಇರಬಹುದು, ಅದಕ್ಕೇ ಈಗಲೇ ಹೇಳುತ್ತಿದ್ದೇವೆ. ಒಂದು ಬುಕಿಂಗ್‌ಗೆ ಎಂಟು ಜನಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಬಾಡಿಗೆ ತಲೆಗೆ ದಿನಕ್ಕೆ 200 ರೂಪಾಯಿ ಜಾಸ್ತಿಯಾಗುತ್ತದೆ. ಅದನ್ನು ರಿಪೇರಿ ಖಾತೆಯಲ್ಲೇ ಇಡುತ್ತೇವೆ.

ರಜೆಗೆ ಬರಲೇಬೇಕು ಅನ್ನುವವರಿಗೆ ಊರಿನ ನಾಲ್ಕು ಕುಣಬಿ ಸಮುದಾಯದ ಮನೆಗಳಲ್ಲಿ ಕೋಣೆ ಇದೆ. ಹಲಸು, ಮುರುಗಲು ಹಣ್ಣಾಗುವ ಕಾಲ, ಊಟಕ್ಕೆ ಮೋಸವಿಲ್ಲ. ಬಂಗಲೆಯ ಬುಕಿಂಗ್ ಸೆಪ್ಟೆಂಬರ್ 1ಕ್ಕೆ ಶುರು. ಈ ಬೇಸಿಗೆಯ ದಿನ ಕಳೆದುಕೊಂಡವರಿಗೆ ಮೊದಲ ಅವಕಾಶ, ಅವರಿಗೆ ಹಳೇ ಬಾಡಿಗೆಯೇ.

ಕೊನೆಗೆ ಒಂದು ಸಹಾಯ ಕೇಳುತ್ತೇವೆ. ಹಳೇ ಬಚ್ಚಲುಮನೆಯ ಪಾಯ ಸಿಕ್ಕಿದೆ. ಆದರೆ ಮಾಡು ಯಾವ ಕಡೆ ಇಳಿದಿತ್ತು, ಹೊಗೆಕಿಂಡಿ ಎಲ್ಲಿತ್ತು ಅನ್ನುವುದಕ್ಕೆ ಊರಿನ ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಮ್ಮ ಮನೆಯವರು ಯಾರಾದರೂ ಹಿಂದೆ ಇಲ್ಲಿ ಉಳಿದು ಫೋಟೋ ತೆಗೆದಿದ್ದರೆ, ಬಂಗಲೆಯ ಹಿಂಭಾಗ ಸ್ವಲ್ಪ ಕಂಡರೂ ಸಾಕು, ಮೊಬೈಲಿನಲ್ಲಿ ಒಂದು ಪ್ರತಿ ಕಳಿಸಿ. ಬಡಗಿಗಳು ಮಾರ್ಚ್ ಎರಡನೇ ವಾರ ಬರುತ್ತಾರೆ.

ನಿಮ್ಮ,
ಅಧ್ಯಕ್ಷರು ಮತ್ತು ಸದಸ್ಯರು
ಗ್ರಾಮ ಅರಣ್ಯ ಸಮಿತಿ, ಜೋಯಿಡಾ ತಾಲ್ಲೂಕು