‘ಕಿಡ್ ಎ’ ಬಗ್ಗೆ ಬರೆಯುವ ಮುಂಚೆ

ಪ್ರೀತಿಯ ಪುಟ್ಟಿಗೆ,

ಮಾವನ ಆಶೀರ್ವಾದಗಳು. ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೊಹೆಡ್‌ನ ‘ಕಿಡ್ ಎ’ ಆಲ್ಬಮ್ ಬಗ್ಗೆ ನೀನು ಬರೆದು ಕಳಿಸಿದ್ದನ್ನು ಓದಿದೆ. ನಿನಗೆ ಆಲ್ಬಮ್ ತುಂಬಾ ಹಿಡಿಸಿದೆ, ಅದು ಖುಷಿ. ಆದರೆ ಇದನ್ನು ಹೀಗೇ ಹಾಕಬೇಡ.

ಸಂಗೀತ ವಿಮರ್ಶೆಯ ವೆಬ್‌ಸೈಟ್ ಪಿಚ್‌ಫೋರ್ಕ್ 10ಕ್ಕೆ 10 ಕೊಟ್ಟಿತು ಎಂದು ಬರೆದಿದ್ದೀಯ. ರೋಲಿಂಗ್ ಸ್ಟೋನ್ ಪತ್ರಿಕೆ 2009ರಲ್ಲಿ ಇದನ್ನು ಆ ದಶಕದ ಅತ್ಯುತ್ತಮ ಆಲ್ಬಮ್ ಎಂದು ಆರಿಸಿತು ಎಂದಿದ್ದೀಯ, ಗ್ರ್ಯಾಮಿ ಪ್ರಶಸ್ತಿ ಬಂದದ್ದನ್ನೂ ಸೇರಿಸಿದ್ದೀಯ. ಎಲ್ಲಾ ನಿಜ. ಕೊನೆಯಲ್ಲಿ, ಇದು ಇಷ್ಟವಾಗದವರಿಗೆ ಸಂಗೀತವೇ ಅರ್ಥವಾಗುವುದಿಲ್ಲ ಅಂತ ಒಂದು ಸಾಲು. ಇಷ್ಟರಲ್ಲಿ ನಿನ್ನ ಕಿವಿಗೆ ಬಿದ್ದದ್ದು ಏನು ಅನ್ನೋದು ಒಂದು ಕಡೆಯೂ ಇಲ್ಲವಲ್ಲ ಪುಟ್ಟಿ. ನಿನ್ನ ಅಜ್ಜ ಧಾರವಾಡದಲ್ಲಿ ಕಛೇರಿ ಕೇಳಿ ಬಂದರೆ ‘ಚೆನ್ನಾಗಿತ್ತು’ ಎಂದು ಹೇಳಿ ಸುಮ್ಮನಾಗುತ್ತಿರಲಿಲ್ಲ. ಯಾವ ಜಾಗದಲ್ಲಿ ತಾನ ಎಲ್ಲಿಗೆ ಹೋಗಿ ಹೇಗೆ ತಿರುಗಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂತು, ಎಲ್ಲಿ ತಬಲಾ ಜಾಸ್ತಿಯಾಯಿತು, ಎಲ್ಲಾ ಹೇಳುತ್ತಿದ್ದರು. ಅಭಿಪ್ರಾಯ ಅಂದರೆ ನಮ್ಮ ಮನೆಯಲ್ಲಿ ಅದು.

ಇಷ್ಟವಾಗದವರ ವಿಷಯಕ್ಕೆ ಬರುತ್ತೇನೆ. 2000ದ ಅಕ್ಟೋಬರ್‌ನಲ್ಲಿ ಈ ಆಲ್ಬಮ್ ಬಂದಾಗ ಕೇಳುಗರು ಕಾಯುತ್ತಿದ್ದದ್ದು ಬೇರೆ ಏನಕ್ಕೋ. ಮೂರು ವರ್ಷ ಮುಂಚೆ ಇವರದೇ ‘ಓಕೆ ಕಂಪ್ಯೂಟರ್’ ಆಲ್ಬಮ್ ಬಂದಿತ್ತು, ಮೂರು ಮೂರು ಗಿಟಾರ್ ಇರುವ ಬ್ಯಾಂಡ್ ಇದು. ದುಡ್ಡು ಕೊಟ್ಟು ಸಿಡಿ ತಂದು ಹಾಕಿದರೆ ಮೊದಲ ಹಾಡಿನಲ್ಲಿ ಗಿಟಾರೇ ಇಲ್ಲ! ಬರೀ ಸಿಂಥಸೈಜರ್, ಜೊತೆಗೆ ಹಾಡುವ ಥಾಮ್ ಯಾರ್ಕ್ ದನಿಯನ್ನೇ ಕತ್ತರಿಸಿ ಹರಡಿದ ಚೂರುಗಳು. ಮುಂಚಿತವಾಗಿ ರುಚಿ ನೋಡೋಣ ಅಂದರೆ ಬಿಡಿ ಹಾಡಾಗಿ ಒಂದು ಸಿಂಗಲ್ ಕೂಡ ಬಿಟ್ಟಿರಲಿಲ್ಲ. ಮಾಮೂಲಿ ವಿಡಿಯೊ ಇಲ್ಲ, ಕೆಲವೇ ಸೆಕೆಂಡುಗಳ ಚಿಕ್ಕ ಚಿಕ್ಕ ತುಣುಕುಗಳು ಮಾತ್ರ. ಇಂಟರ್ನೆಟ್‌ನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್‌ನಲ್ಲಿ ಸೋರಿ ಬಂದ ಹಾಡುಗಳನ್ನು ಕೇಳಿದ್ದವರು ಬಿಟ್ಟರೆ ಉಳಿದವರಿಗೆ ಏನು ಕೊಳ್ಳುತ್ತಿದ್ದೇವೆ ಎಂದೇ ಗೊತ್ತಿರಲಿಲ್ಲ. ಆದರೂ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ವಾರವೇ ಒಂದನೇ ಸ್ಥಾನಕ್ಕೆ ಹೋಯಿತು. ಅಷ್ಟು ಜನ ನಂಬಿ ತಂದದ್ದರಲ್ಲಿ ಒಂದಷ್ಟು ಜನಕ್ಕೆ ಬೇಜಾರಾದರೆ ಅದನ್ನು ಕಿವುಡುತನ ಎನ್ನುವುದು ತಪ್ಪು.

ವಿಮರ್ಶಕರ ಕಥೆಯೂ ಹಾಗೆಯೇ. ಅವರಿಗೆ ಮನೆಗೆ ಒಯ್ದು ಕೇಳಲು ಮುಂಗಡ ಪ್ರತಿ ಕೊಟ್ಟಿರಲಿಲ್ಲ, ಕರೆಸಿ ಕೂರಿಸಿ ಕೇಳಿಸಿದರು. ಪದರದ ಮೇಲೆ ಪದರ ಇರುವ ಇಂಥ ಕೆಲಸವನ್ನು ಹಾಗೆ ಕೇಳಿ ಬರೆಯುವುದು ಕಷ್ಟ. ಇಂಗ್ಲೆಂಡಿನ ಮೆಲೊಡಿ ಮೇಕರ್ ಪತ್ರಿಕೆ 5ಕ್ಕೆ 1.5 ಕೊಟ್ಟಿತು. ಪಿಚ್‌ಫೋರ್ಕ್‌ನದು 10ಕ್ಕೆ 10. ಒಂದೇ ಆಲ್ಬಮ್ ಅಲ್ವಾ? ನೀನು ಒಂದು ಅಂಕವನ್ನು ಎತ್ತಿಕೊಂಡು ಬಂದರೆ ಎದುರಿನವನು ಇನ್ನೊಂದನ್ನು ತರುತ್ತಾನೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿ. ಇದರ ಬಗ್ಗೆ ಮೊದಲು ಅನುಮಾನಪಟ್ಟವರು ಬ್ಯಾಂಡ್‌ನವರೇ. 1999ರ ಶುರುವಿನಲ್ಲಿ ಪ್ಯಾರಿಸ್‌ನಲ್ಲಿ ರೆಕಾರ್ಡಿಂಗ್‌ಗೆ ಕೂತಾಗ ಗಿಟಾರ್ ನುಡಿಸುವ ಎಡ್ ಓಬ್ರಿಯನ್‌ಗೆ ಚಿಕ್ಕ ಚಿಕ್ಕ, ರಾಗ ನಾಲಗೆ ಮೇಲೆ ಉಳಿಯುವ ಗಿಟಾರ್ ಹಾಡುಗಳನ್ನು ಮಾಡುವ ಆಸೆ ಇತ್ತು. ಯಾರ್ಕ್‌ಗೆ ಅದೇ ಸಾಕಾಗಿ ಹೋಗಿತ್ತು. ನಿರ್ಮಾಪಕ ನೈಜೆಲ್ ಗಾಡ್ರಿಚ್‌ಗೂ ಚೆನ್ನಾಗಿ ಬರುವುದನ್ನು ಬಿಟ್ಟು ಬೇರೆ ದಾರಿ ಯಾಕೆ ಹಿಡಿಯಬೇಕು ಅನ್ನುವುದು ಬೇಗ ತಲೆಗೆ ಹೋಗಲಿಲ್ಲ. ಗಿಟಾರ್ ಬೇಡವಾದ ಹಾಡಿನಲ್ಲಿ ಗಿಟಾರ್ ನುಡಿಸುವವನು ಏನು ಮಾಡಬೇಕು? ಆ ಪ್ರಶ್ನೆ ಅವರ ಮಧ್ಯೆ ತಿಂಗಳುಗಟ್ಟಲೆ ಇತ್ತು. ಮಾಡಿದವರಿಗೇ ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾದ ಮೇಲೆ ಕೇಳುಗನಿಗೆ ಒಂದು ಸಂಜೆ ಸಾಲಲಿಲ್ಲ ಅಂತ ನೀನು ಬೈಯುವುದು ನ್ಯಾಯ ಅಲ್ಲ.

ಈ ಆಲ್ಬಮ್ ಬಗ್ಗೆ ಬಂದ ವಿರೋಧದ ಮಾತುಗಳಲ್ಲಿ ನಾನು ಗೌರವಿಸುವುದು ಕಾದಂಬರಿಕಾರ ನಿಕ್ ಹಾರ್ನ್‌ಬಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬರೆದದ್ದನ್ನು. ಇದನ್ನು ಕೇಳಬೇಕಾದರೆ ರಾತ್ರಿ ರಾತ್ರಿ ಮನೆಯಲ್ಲಿ ಕೂತು ದುಡಿಯಬೇಕು, ಕೆಲಸಕ್ಕೆ ಹೋಗಿ ಬರುವ ದೊಡ್ಡವರಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು ಎನ್ನುವುದು ಅವರ ವಾದದ ಸಾರ. ನಾನು ಒಪ್ಪುವುದಿಲ್ಲ. ನಾನೂ ಕೆಲಸ ಮುಗಿಸಿ, ಬಸ್ಸಿನಲ್ಲಿ ನಿಂತು ಬಂದು, ಊಟ ಆದ ಮೇಲೆ ಕೇಳಿದವನೇ, ಸುಸ್ತಾದ ಹೊತ್ತಿನಲ್ಲೇ ಈ ಆಲ್ಬಮ್ ನನಗೆ ಹತ್ತಿರ ಬಂದದ್ದು. ಆದರೆ ಹಾರ್ನ್‌ಬಿ ತಮಗೆ ಏನು ಬೇಕಿತ್ತು, ಏನು ಸಿಗಲಿಲ್ಲ ಎಂದು ಬಿಡಿಸಿ ಹೇಳಿದ್ದಾರೆ. ಹಾಗಾಗಿ ನಾನು ಅವರ ಎದುರು ಕೂತು ಜಗಳ ಆಡಬಹುದು. ನಿನ್ನ ಹೊಗಳಿಕೆಯ ಜೊತೆ ಜಗಳ ಆಡಲು ನನಗೆ ಒಂದು ಹಿಡಿಯೂ ಸಿಗಲಿಲ್ಲ.

ಏನು ಬರೆಯಬೇಕು ಅಂತ ಕೇಳುತ್ತೀಯ. ಮೂರನೇ ಹಾಡು, ‘ದ ನ್ಯಾಷನಲ್ ಆಂಥಮ್’ ತೆಗೆದುಕೋ. ಮೊದಲು ಬೇಸ್ ಗಿಟಾರ್ ಒಂದೇ ವರಸೆಯನ್ನು ಹಿಡಿಯುತ್ತದೆ. ಯಾರ್ಕ್ 16ನೇ ವಯಸ್ಸಿನಲ್ಲಿ ಕಟ್ಟಿದ ವರಸೆ ಅದು. ಡ್ರಮ್ಸ್ ಸೇರುತ್ತದೆ. ಅದರ ಮೇಲೆ ಬ್ಯಾಂಡ್‌ನ ಜಾನಿ ಗ್ರೀನ್‌ವುಡ್ ನುಡಿಸುವ ಓಂಡ್ ಮಾರ್ತನೋ ತೇಲುತ್ತದೆ, 1928ರಲ್ಲಿ ಪ್ಯಾರಿಸ್ ಜನ ಮೊದಲು ಕೇಳಿದ ಆ ವಿದ್ಯುತ್ ವಾದ್ಯ ಮನುಷ್ಯ ಗುನುಗಿದ ಹಾಗೆ ಸ್ವರದಿಂದ ಸ್ವರಕ್ಕೆ ಜಾರುತ್ತದೆ. ಆಮೇಲೆ ಟ್ರಂಪೆಟ್, ಸ್ಯಾಕ್ಸೊಫೋನ್, ಟ್ರಾಂಬೋನ್ ಹಿಡಿದ ಎಂಟು ಜನ ಒಳಗೆ ಬರುತ್ತಾರೆ, ಟ್ರಾಫಿಕ್ ಜಾಮ್ ಥರ ಕೇಳಿಸಬೇಕು ಅಂತ ಅವರಿಗೆ ಹೇಳಿದ್ದರಂತೆ. ಇಷ್ಟು ಗದ್ದಲದ ಅಡಿಯಲ್ಲೂ ಬೇಸ್ ಒಂದು ಕೂದಲೆಳೆ ಅಲುಗುವುದಿಲ್ಲ. ಅದನ್ನು ಹಿಡಿದುಕೊಂಡು ಕೇಳಿದರೆ ಗದ್ದಲ ಹೆದರಿಸುವುದಿಲ್ಲ, ಬಿಟ್ಟರೆ ತಲೆನೋವು. ಕೇಳುಗರಲ್ಲಿ ಅರ್ಧ ಜನ ಇದನ್ನು ಆಲ್ಬಮ್‌ನ ಶಿಖರ ಅನ್ನುತ್ತಾರೆ, ಅರ್ಧ ಜನ ದಾಟಿಸಿಬಿಡುತ್ತಾರೆ ಅಂದರೆ ನನಗೆ ಆಶ್ಚರ್ಯವಿಲ್ಲ, ಎರಡಕ್ಕೂ ಕಾರಣ ಆ ಹಾಡಿನ ಒಳಗೇ ಇದೆ. ನೀನು ಯಾವ ಕಡೆ? ಬೇಸ್ ಹಿಡಿದೆಯಾ, ಬಿಟ್ಟೆಯಾ? ಅದನ್ನು ಬರೆ.

ಮಾಹಿತಿಯನ್ನೇ ಅಭಿಪ್ರಾಯ ಅಂದುಕೊಳ್ಳಬೇಡ. ‘ಇಡಿಯೊಟೆಕ್’ ಹಾಡಿನ ಆ ನಾಲ್ಕು ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಸಂಗೀತ ಸಂಯೋಜಕ ಪಾಲ್ ಲ್ಯಾನ್ಸ್ಕಿ 1973ರಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಕೃತಿಯಿಂದ ಬಂದವು ಅಂತ ತಿಳಿದರೆ ಒಳ್ಳೆಯದೇ. ತಿಳಿಯದಿದ್ದರೂ ಆ ಕಾರ್ಡ್‌ಗಳಲ್ಲಿರುವ ಚಳಿ ಕಿವಿಗೆ ತಾಕುತ್ತದೆ. ‘ಟ್ರೀಫಿಂಗರ್ಸ್’ ಇದೆಯಲ್ಲ, ಮಾತಿಲ್ಲದ್ದು, ಮಧ್ಯದಲ್ಲಿ ಬರುವುದು, ಅದು ಪೂರ್ತಿ ಓಬ್ರಿಯನ್ ಗಿಟಾರನ್ನು ಗುರುತು ಸಿಗದ ಹಾಗೆ ಎಳೆದು ಬದಲಿಸಿ ಮಾಡಿದ್ದು. ತಿಳಿದಾಗ ಭಲೇ ಅನ್ನಿಸಿತು. ಆದರೆ ಹಾಡು ನನಗೆ ಇವತ್ತಿಗೂ ಉದ್ದವೇ. ಹಾಗಂತ ಧೈರ್ಯವಾಗಿ ಹೇಳಬೇಕು. ಮೆಚ್ಚಿದ ಆಲ್ಬಮ್‌ನಲ್ಲಿ ಹತ್ತಕ್ಕೆ ಹತ್ತೂ ಹಾಡು ಮೆಚ್ಚಲೇಬೇಕು ಅಂತ ಯಾರೂ ಹೇಳಿಲ್ಲ.

ಕೇಳುವ ರೀತಿಯನ್ನೂ ಬದಲಿಸು. ಫೋನ್ ಸ್ಪೀಕರ್‌ನಲ್ಲಿ ಬೇಸ್ ಸತ್ತೇ ಹೋಗುತ್ತದೆ, ಈ ಆಲ್ಬಮ್‌ನ ನೆಲವೇ ಬೇಸ್. ಒಳ್ಳೆಯ ಹೆಡ್‌ಫೋನ್ ಇಲ್ಲದಿದ್ದರೆ ನಿನ್ನಪ್ಪನ ಹಳೆಯ ಸ್ಟೀರಿಯೊ ಸಾಕು. ಶಫಲ್ ಮಾಡಬೇಡ. ‘ದ ನ್ಯಾಷನಲ್ ಆಂಥಮ್’ ಗದ್ದಲ ಮುಗಿದ ಮೇಲೆಯೇ ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ ಬರಬೇಕು, ಆಗಲೇ ಆ ಗಿಟಾರ್‌ನ ಸಪ್ಪಳ ಎಷ್ಟು ಒಂಟಿ ಎಂದು ಗೊತ್ತಾಗುವುದು. ಅದರಲ್ಲಿ ಪಿಟೀಲುಗಳ ಗುಂಪು ಬರುತ್ತದೆ, ಆಕ್ಸ್‌ಫರ್ಡ್ ಹತ್ತಿರದ ಡಾರ್ಚೆಸ್ಟರ್ ಚರ್ಚಿನಲ್ಲಿ ರೆಕಾರ್ಡ್ ಮಾಡಿದ್ದು. ಅವು ಹಾಡಿಗೆ ನೆರವಾಗುತ್ತವಾ, ಹಾಡನ್ನು ಮುಳುಗಿಸುತ್ತವಾ? ನನಗೆ ಎರಡನೆಯದು ಅನ್ನಿಸುತ್ತದೆ, ಅದಕ್ಕೇ ಅದು ಇಷ್ಟ. ನಿನಗೆ ಬೇರೆ ಅನ್ನಿಸಿದರೆ ನನ್ನ ಮಾತನ್ನು ಬಿಟ್ಟುಬಿಡು.

ಬೇರೆಯವರು ಬರೆದದ್ದನ್ನು ಈಗ ಸ್ವಲ್ಪ ದಿನ ಓದಬೇಡ. ಅಂಕ, ಪ್ರಶಸ್ತಿ, ಪಟ್ಟಿ ಎಲ್ಲಾ ತೆಗೆದುಹಾಕು. ಇಷ್ಟವಾಗದವರ ಬಗ್ಗೆ ಇರುವ ಆ ಸಾಲು ಮೊದಲು ಹೋಗಬೇಕು. ಎರಡೇ ಹಾಡು ಹಿಡಿದುಕೊಂಡು ಬರೆದರೂ ಸಾಕು, ಆದರೆ ಓದಿದವನಿಗೆ ಎದ್ದು ಹೋಗಿ ಆ ಜಾಗವನ್ನು ಹುಡುಕಿ ಕೇಳಬೇಕು ಅನ್ನಿಸಬೇಕು. ಪರೀಕ್ಷೆ ಮುಗಿಸಿಕೊಂಡೇ ಬರೆ, ಅವಸರ ಇಲ್ಲ. ಬರೆದದ್ದನ್ನು ಮೊದಲು ನನಗೆ ಕಳಿಸು, ‘ಟ್ರೀಫಿಂಗರ್ಸ್’ ಪರವಾಗಿ ನಿನ್ನ ಹತ್ತಿರ ಏನಾದರೂ ಇದ್ದರೆ ಅದನ್ನು ಖಂಡಿತ ಸೇರಿಸು.

ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸು.

ನಿನ್ನ,
ಮಾವ