ಪುಟ್ಟಾ, ಗಿಟಾರ್ ಪಕ್ಕಕ್ಕಿಟ್ಟು ಇದನ್ನ ಓದು

ಪುಟ್ಟಾ,

ನಿಮ್ಮಮ್ಮ ನಿನ್ನೆ ಫೋನಲ್ಲಿ ಹೇಳಿದ್ಲು, ರಾತ್ರಿ ಒಂದು ಗಂಟೆವರೆಗೂ ಟ್ಯಾಬ್ (ಯಾವ ತಂತೀನ ಎಲ್ಲಿ ಒತ್ಬೇಕು ಅಂತ ಅಂಕೀಲಿ ಬರ್ದಿರೋ ಗಿಟಾರ್ ನೊಟೇಶನ್) ನೋಡ್ಕೊಂಡು ಟುಂಯ್ ಟುಂಯ್ ಅಂತಿರ್ತಾನೆ, ಬೆಳಿಗ್ಗೆ ನುಡ್ಸೋ ಅಂದ್ರೆ ಎಲ್ಲಾ ಮರ್ತೋಯ್ತು ಅಂತ ಮುಖ ಊದಿಸ್ಕೋತಾನೆ ಅಂತ. ಮರೆಯೋದೆಲ್ಲಿ ಬಂತೋ, ಅದು ತಲೆಗೇ ಹೋಗಿಲ್ವಲ್ಲ, ಬೆರಳಿಗೆ ಮಾತ್ರ ಹೋಗಿದೆ. ಬೆರಳು ಒಂದ್ಕಡೆ ಎಡವಿದ್ರೆ ಮುಗೀತು, ಹದಿಮೂರರ ಮಗ್ಗಿ ಮಧ್ಯದಲ್ಲಿ ನಿಂತೋದ ಹುಡುಗನ ಥರ ಮತ್ತೆ ಮೊದಲಿಂದ.

ನಾನೂ ಹಾಗೇ ಕಲ್ತು ಮಾನ ಕಳ್ಕೊಂಡಿದೀನಿ. ಇಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದ ಹೊಸದ್ರಲ್ಲಿ ಒಂದು ಜ್ಯಾಮ್‌ನಲ್ಲಿ, ಅಂದ್ರೆ ಎಲ್ಲರೂ ಕೂಡಿ ರಿಹರ್ಸಲ್ ಇಲ್ದೇ ಜಾಜ್ ನುಡಿಸೋ ಕಡೆ, ‘ಆಲ್ ದ ಥಿಂಗ್ಸ್ ಯು ಆರ್’ ನುಡಿಸೋಕೆ ಕೂತೆ. ಜೆರೋಮ್ ಕರ್ನ್ 1939ರಲ್ಲಿ ಮಾಡಿದ್ದು. ಇಂಥಾ ಟ್ಯೂನ್‌ಗಳು ಸಾಮಾನ್ಯವಾಗಿ 32 ಬಾರ್ (ಬಾರ್ ಅಂದ್ರೆ ನಮ್ಮ ತಾಳದ ಒಂದು ಆವರ್ತ ಇದ್ದಂಗೆ), ಇದು 36, ಕೊನೇ ಭಾಗ ಎಂಟರ ಬದಲು ಹನ್ನೆರಡು. ಕಾರ್ಡ್‌ಗಳೆಲ್ಲ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಬಾಯಿಪಾಠ, ಆದ್ರೆ ಹಾಡು ಕಿವೀಲಿಲ್ಲ, ಎಂಟು ಎಣಿಸಿ ಜಂಬವಾಗಿ ಮೊದಲ್ನೇ ಬಾರ್‌ಗೆ ಬಂದ್ಬಿಟ್ಟೆ, ಮಿಕ್ಕವರಿಗೆ ಇನ್ನೂ ನಾಲ್ಕು ಬಾರ್ ಬಾಕಿ. ಪಿಯಾನೋದವನು ನನ್ನ ನೋಡಿ ನಕ್ಕಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ.

ಅದಕ್ಕೇ ಹೇಳೋದು, ಮೊದಲು ಗಂಟಲಿಗೆ ಬರ್ಲಿ. ‘ಆಟಮ್ ಲೀವ್ಸ್’ ತಗೋ, ಜಿ ಮೈನರ್‌ನಲ್ಲಿ ಹಾಡ್ಕೋ. ಮೂರು ಸ್ವರ ಸರಸರ ಹತ್ತಿ ನಾಲ್ಕನೇದ್ರ ಮೇಲೆ ನಿಲ್ಲುತ್ತೆ, ಮತ್ತೆ ಮೂರು, ಮತ್ತೆ ನಿಲ್ಲುತ್ತೆ. ಆ ನಿಲ್ಲೋ ಸ್ವರಗಳನ್ನ ಮಾತ್ರ ಹೆಕ್ಕು: ಇ ಫ್ಲಾಟ್, ಡಿ, ಸಿ, ಬಿ ಫ್ಲಾಟ್. ಮೆಟ್ಲು ಇಳ್ದಂಗೆ ಇಲ್ವಾ? ಅವುಗಳ ಕೆಳಗಿರೋ ಕಾರ್ಡು ಸಿ ಮೈನರ್, ಬಿ ಫ್ಲಾಟ್ ಮೇಜರ್, ಎ ಹಾಫ್ ಡಿಮಿನಿಶ್ಡ್, ಜಿ ಮೈನರ್. ಆಯಾ ಕಾರ್ಡಿನ ರೂಟನ್ನ, ಅಂದ್ರೆ ಅದಕ್ಕೆ ಹೆಸರು ಕೊಡೋ ಸ್ವರಾನ, ಷಡ್ಜ ಅಂತಿಟ್ಕೊಂಡ್ರೆ ನಿಂತಿರೋದು ಪ್ರತಿ ಸಲಾನೂ ಗಾಂಧಾರ, ಬಿ ಫ್ಲಾಟ್ ಮೇಜರ್ ಮೇಲೆ ಅಂತರ ಗಾಂಧಾರ, ಮಿಕ್ಕ ಮೂರ್ರಲ್ಲೂ ಅದಕ್ಕಿಂತ ಒಂದು ಮೆಟ್ಲು ಕೆಳಗಿನ ಸಾಧಾರಣ ಗಾಂಧಾರ. ಇಷ್ಟು ಗೊತ್ತಾದ್ಮೇಲೆ ಹಾಡಿನ ಆ ಮೊದಲ ಎಂಟು ಬಾರ್ ಮರೀ ಅಂದ್ರೂ ಮರೆಯೋಕಾಗಲ್ಲ, ನಡುವಿನ ಕಾರ್ಡ್ ಆಮೇಲೆ ತುಂಬ್ಕೋ. (ನಿಮ್ಮಜ್ಜಿ ಹೊಡ್ದು ಬಡ್ದು ಸಂಗೀತ ಪಾಠಕ್ಕೆ ಕಳಿಸಿದ್ದು ಕೊನೆಗೆ ಇದಕ್ಕೆ ಬಂತು. ಹಾಗಂತ ಗಮಕ ತಂದು ಇದ್ರೊಳಗೆ ತುರುಕ್ಬೇಡ ಮಾರಾಯ.)

ಈಗ ಸೋಲೋ, ಅಂದ್ರೆ ಒಬ್ಬನೇ ಮುಂದೆ ಬಂದು ಆಗಿಂದಾಗ್ಲೇ ಕಟ್ಕೊಂಡು ನುಡಿಸೋ ಭಾಗ. ಜಾಜ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮರಿ ಈ ಊರಿನವನೇ ಗೊತ್ತಾ. ಇಪ್ಪತ್ತರ ಆಸುಪಾಸಲ್ಲಿ ಚಾರ್ಲಿ ಕ್ರಿಶ್ಚಿಯನ್ ಅನ್ನೋ ಇನ್ನೊಬ್ಬ ಗಿಟಾರಿಸ್ಟ್‌ನ ರೆಕಾರ್ಡ್ ಕೇಳಿ ಹುಚ್ಚು ಹಿಡಿಸ್ಕೊಂಡು, ನೊಟೇಶನ್ ಓದೋಕೂ ಬರ್ದೇ ಇದ್ದ ಆ ಪುಣ್ಯಾತ್ಮ ಒಂದು ಸ್ವರಾನೂ ಬಿಡದಂಗೆ ಕಿವಿಯಿಂದಲೇ ಎತ್ಕೊಂಡ, ಕ್ಲಬ್ಬಲ್ಲಿ ಕೆಲಸ ಸಿಕ್ಕಿದ್ದೂ ಆ ಸೋಲೋಗಳನ್ನ ನುಡಿಸೋಕೇ. ರಾತ್ರಿ ಅಕ್ಕಪಕ್ಕದವರಿಗೆ ಕಿರಿಕಿರಿ ಆಗುತ್ತೆ ಅಂತ ಪಿಕ್ (ತಂತಿ ಮೀಟೋ ಬಿಲ್ಲೆ) ಬಿಟ್ಟು ಹೆಬ್ಬೆಟ್ಟಲ್ಲಿ ಮೀಟೋಕೆ ಶುರು ಮಾಡ್ದ ಅಂತಾರೆ, ಅದನ್ನ ನೀನೂ ಮಾಡಿದ್ರೆ ನಿಮ್ಮಮ್ಮನಿಗೂ ಸ್ವಲ್ಪ ನಿದ್ದೆ.

ನೀನೂ ಚಾರ್ಲಿ ಕ್ರಿಶ್ಚಿಯನ್‌ನಿಂದ್ಲೇ ಶುರು ಮಾಡು, ಒಂದೇ ಕೋರಸ್ (ಟ್ಯೂನಿನ ಒಂದು ಪೂರ್ತಿ ಸುತ್ತು) ಸಾಕು. ಸ್ಪೀಡ್ ಮುಕ್ಕಾಲಕ್ಕೆ ಇಳಿಸಿ ಎರಡೇ ಬಾರ್ ಕೇಳು, ಹಾಡು, ಸ್ನಾನ ಮಾಡ್ತಾ ಹಾಡು, ಮೆಟ್ರೋದಲ್ಲಿ ಮನಸ್ಸಲ್ಲೇ ಹಾಡು, ಎಲ್ಲಿ ಉಸಿರು ತಗೋತಾನೆ ಅನ್ನೋದೂ ಸೇರಿ ಬಂದ್ಮೇಲೆ ಗಿಟಾರ್ ಮುಟ್ಟು. ಆಗ್ಲೂ ಟ್ಯಾಬ್ ನೋಡ್ಬೇಡ. ಎರಡನೇ ತಂತಿ ಐದನೇ ಫ್ರೆಟ್‌ನಲ್ಲಿರೋ (ಫ್ರೆಟ್ ಅಂದ್ರೆ ಗಿಟಾರ್ ಕತ್ತಿನ ಮೇಲಿನ ಮೆಟ್ಲು) ಇ ಸ್ವರಾನೇ ಮೂರನೇ ತಂತಿ ಒಂಬತ್ತರಲ್ಲೂ ಇದೆ, ನಾಲ್ಕನೇದ್ರ ಹದಿನಾಲ್ಕರಲ್ಲೂ ಇದೆ, ಮೊದಲ ತಂತಿ ಖಾಲಿ ಮೀಟಿದ್ರೂ ಅದೇ. ಎಲ್ಲಿ ನುಡಿಸಿದ್ರೆ ರೆಕಾರ್ಡ್ ಥರ ಕೇಳುತ್ತೆ, ಮುಂದಿನ ಸ್ವರಕ್ಕೆ ಕೈ ಸಲೀಸಾಗಿ ಹೋಗುತ್ತೆ ಅಂತ ನೀನೇ ಹುಡುಕ್ಬೇಕು, ಆ ಹುಡುಕಾಟದಲ್ಲೇ ಅರ್ಧ ನೆನಪಲ್ಲಿ ಕೂತ್ಬಿಡುತ್ತೆ. ಬೆಳಿಗ್ಗೆ ಎದ್ದು ಹಿಂದಿನ ದಿನದ್ದು ಬಂದ್ರೆ ಹೊಸ ಎರಡು ಬಾರ್, ಬರ್ಲಿಲ್ವಾ, ಹಳೇದೇ.

ಭಾನುವಾರ ನಿಮ್ಗೆ ಸಂಜೆ ಆಗೋ ಹೊತ್ತಿಗೆ ವಿಡಿಯೋ ಕಾಲ್ ಮಾಡ್ತೀನಿ. ಗಿಟಾರ್ ಬೀರು ಮೇಲಿಟ್ಟು ಬಾ, ‘ಆಟಮ್ ಲೀವ್ಸ್’ ಎಂಟು ಬಾರ್ ಹಾಡು, ಕಾರ್ಡ್ ಹೆಸರು ನಾನು ಕೇಳ್ತೀನಿ. ಅಕ್ಕನ್ನೂ ಪಕ್ಕದಲ್ಲಿ ಕೂರಿಸ್ಕೋ, ಶ್ರುತಿ ತಪ್ಪಿದ್ರೆ ಅವಳಿಗೆ ನನಗಿಂತ ಬೇಗ ಗೊತ್ತಾಗುತ್ತೆ.

ನಿನ್ನ ಮಾವ